ಬಾವಿಯಲ್ಲಿ ಪೆಟ್ರೋಲ್ ವಾಸನೆ ಬಂದರೆ: ನೆಲದೊಳಗಿನ ಸೋರಿಕೆ ಹುಡುಕುವುದು ಹೇಗೆ?

ಸಿಂಧನೂರು ಕಡೆಯ ಒಂದು ಊರು. ರಸ್ತೆ ಪಕ್ಕ ಒಂದು ಪೆಟ್ರೋಲ್ ಬಂಕು, ಎದುರಿಗೆ ಚಹಾದ ಹೋಟೆಲು, ಅದರ ಹಿಂದೆ ಸೇದುವ ಬಾವಿ. ಹೋಟೆಲಿನ ಅವ್ವ ಕೊಡವನ್ನು ನನ್ನ ಮೂಗಿಗೆ ಹಿಡಿದು, "ನೋಡ್ರಿ ಸರ, ಚಿಮಣಿ ಎಣ್ಣಿ ವಾಸನಿ ಹೊಡಿತೈತಿ. ಇದ್ರಾಗ ಚಾ ಮಾಡಿದ್ರ ಮಂದಿ ಉಗುಳ್ತಾರ" ಎಂದರು. ರಸ್ತೆ ದಾಟಿ ಬಂಕಿಗೆ ಹೋದೆ. ಮ್ಯಾನೇಜರ್ ಡ್ರಾಯರಿನಿಂದ ಒಂದು ಹಾಳೆ ತೆಗೆದರು. ಲ್ಯಾಬ್ ರಿಪೋರ್ಟು. ಬಂಕಿನ ಬೋರ್‌ವೆಲ್ ನೀರಿನಲ್ಲಿ ಎಣ್ಣೆ ಅಂಶ ಪತ್ತೆಯಾಗಿಲ್ಲ ಎಂದು ಬರೆದಿತ್ತು. ಸಹಿ ಇತ್ತು, ಸೀಲೂ ಇತ್ತು.

ಆ ರಿಪೋರ್ಟ್ ಸುಳ್ಳಲ್ಲ. ಆದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಬೋರ್ 300 ಅಡಿ ಆಳದ್ದು, ಮೇಲಿನ 60 ಅಡಿಗೆ ಕೇಸಿಂಗ್ ಪೈಪ್ ಇದೆ. ಪೆಟ್ರೋಲ್ ನೀರಿಗಿಂತ ಹಗುರ, ಲೀಟರಿಗೆ ಮುಕ್ಕಾಲು ಕೆಜಿ ತೂಗುತ್ತದೆ. ಹಾಗಾಗಿ ಅದು ಹತ್ತು-ಹನ್ನೆರಡು ಅಡಿಯಲ್ಲಿರುವ ಮೇಲಿನ ನೀರಿನ ಮೇಲೆ ತೇಲುತ್ತಿತ್ತು. ಸ್ಯಾಂಪಲ್ ತೆಗೆದವರು ಕೇಸಿಂಗ್ ಮುಚ್ಚಿದ ಆ ಪದರವನ್ನು ದಾಟಿ, ಕಲ್ಲಿನ ಸಂದಿಯ ನೀರನ್ನು ಎತ್ತಿದ್ದರು. ಅದೂ ಮಿನರಲ್ ವಾಟರ್ ಬಾಟಲಿಯಲ್ಲಿ.

ಈ ಕೆಲಸದಲ್ಲಿ ತಪ್ಪು ಜಾಗದ ಸ್ಯಾಂಪಲ್ ಇರುವುದಕ್ಕಿಂತ ಸ್ಯಾಂಪಲ್ ಇಲ್ಲದಿರುವುದೇ ವಾಸಿ. ಹಾಳೆ ಇಲ್ಲದವನು ಹುಡುಕುತ್ತಲೇ ಇರುತ್ತಾನೆ, ಹಾಳೆ ಸಿಕ್ಕವನು ಡ್ರಾಯರ್ ಮುಚ್ಚಿ ಕೂರುತ್ತಾನೆ. ಬಂಕಿನವರಿಗೆ, ಪಕ್ಕದ ಹೊಲದವರಿಗೆ, ಪಂಚಾಯ್ತಿಯವರಿಗೆ, ಹಳೆ ಡೀಸೆಲ್ ಟ್ಯಾಂಕ್ ಹೂತಿಟ್ಟ ಅಕ್ಕಿ ಗಿರಣಿಯವರಿಗೆ, ಎಲ್ಲರಿಗೂ ಆಗುವಂತೆ ನಾನು ಕೆಲಸ ಮಾಡುವ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಮೊದಲ ದಿನ: ಬೆಂಕಿ ಮತ್ತು ಕುಡಿಯುವ ನೀರು

ವಾಸನೆ ಬಂದ ಕೂಡಲೇ ಬಾವಿಗೆ ಇಣುಕಿ ಕಡ್ಡಿ ಗೀರಬೇಡಿ. ಇದನ್ನು ಹೇಳಬೇಕಾ ಅನ್ನಬೇಡಿ, ಗೀರಿದವರನ್ನು ನೋಡಿದ್ದೇನೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಬಾವಿ, ಚರಂಡಿ, ನೆಲಮಾಳಿಗೆ, ಮ್ಯಾನ್‌ಹೋಲ್‌ಗಳಲ್ಲಿ ಇಳಿದು ಕೂರುತ್ತದೆ. ಗಾಳಿಯಲ್ಲಿ ಶೇ 1.4ರಷ್ಟು ಸೇರಿದರೂ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ವಾಸನೆ ಗಟ್ಟಿಯಾಗಿದ್ದರೆ ಹತ್ತಿರದ ಮೋಟಾರ್ ಸ್ವಿಚ್ ಕೂಡ ಮುಟ್ಟಬಾರದು. ಹಾಕುವಾಗ ಹಾರುವ ಕಿಡಿ ತೆಗೆಯುವಾಗಲೂ ಹಾರುತ್ತದೆ. ಬಾವಿಗೆ ಯಾರೂ ಇಳಿಯಬಾರದು. 112ಕ್ಕೆ ಫೋನ್ ಮಾಡಿ, ಬಂಕಿನವರಿಗೆ ತಿಳಿಸಿ, ಅನುಮಾನದ ಟ್ಯಾಂಕಿನ ಮಾರಾಟ ನಿಲ್ಲಿಸಿ ಖಾಲಿ ಮಾಡಿಸಿ.

ಆ ನೀರನ್ನು ಕುಡಿಯುವುದಕ್ಕೂ ಅಡುಗೆಗೂ ಸ್ನಾನಕ್ಕೂ ನಿಲ್ಲಿಸಿ. ಕುದಿಸಿದರೆ ಸರಿಹೋಗುತ್ತದೆ ಅನ್ನುವವರು ಇದ್ದೇ ಇರುತ್ತಾರೆ. ಕುದಿಸಿದರೆ ನೀರಿನಲ್ಲಿದ್ದ ಬೆಂಜೀನ್ (ಪೆಟ್ರೋಲಿನಲ್ಲಿರುವ, ಕ್ಯಾನ್ಸರ್ ತರುವ ವಸ್ತು) ಅಡುಗೆಮನೆಯ ಗಾಳಿಗೆ ಬರುತ್ತದೆ, ಅಷ್ಟೇ. ಮನೆಯ ಆರ್‌ಒ ಫಿಲ್ಟರನ್ನೂ ನಂಬಬೇಡಿ. ಎಷ್ಟು ಸೋರಿದರೆ ಎಷ್ಟು ಕೆಡುತ್ತದೆ ಅಂತೀರಾ? ಈಗಿನ ಬಿಎಸ್-6 ಪೆಟ್ರೋಲಿನಲ್ಲಿ ಬೆಂಜೀನ್ ಶೇ 1ರವರೆಗೆ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರ್ ನೀರಿಗೆ 10 ಮೈಕ್ರೋಗ್ರಾಂ. ಲೆಕ್ಕ ಹಾಕಿ: ಒಂದು ಲೀಟರ್ ಪೆಟ್ರೋಲಿನಲ್ಲಿ ಹೆಚ್ಚೆಂದರೆ 9 ಗ್ರಾಂ ಬೆಂಜೀನ್. ಅದು ಪೂರ್ತಿ ಕರಗಿದರೆ ಎಂಟು-ಒಂಬತ್ತು ಲಕ್ಷ ಲೀಟರ್ ನೀರನ್ನು ಆ ಮಿತಿಗೆ ತಂದು ನಿಲ್ಲಿಸುತ್ತದೆ.

ನೆಲ ಅಗೆಯುವ ಮುಂಚೆ ರಿಜಿಸ್ಟರ್ ತೆಗೆಸಿ

ಬಂಕಿನಲ್ಲಿ ದಿನಾ ಬೆಳಿಗ್ಗೆ ಟ್ಯಾಂಕಿಗೆ ಡಿಪ್ ರಾಡ್ ಬಿಟ್ಟು ಸ್ಟಾಕ್ ಬರೆಯುತ್ತಾರೆ. ಆ ಪುಸ್ತಕವೇ ನಿಮ್ಮ ಮೊದಲ ಸಾಕ್ಷಿ. ಆದರೆ ಒಂದು ದಿನದ ಲೆಕ್ಕ ಕೈ ಕೊಡುತ್ತದೆ. ಯಾಕೆ ಅಂತ ನೋಡಿ. 2 ಮೀಟರ್ ವ್ಯಾಸ, ಆರೂವರೆ ಮೀಟರ್ ಉದ್ದದ ಟ್ಯಾಂಕು ಸುಮಾರು 20 ಸಾವಿರ ಲೀಟರ್ ಹಿಡಿಯುತ್ತದೆ. ಅರ್ಧ ತುಂಬಿದಾಗ ರಾಡಿನ ಮೇಲಿನ ಒಂದೇ ಒಂದು ಮಿಲಿಮೀಟರ್ ಅಂದರೆ 13 ಲೀಟರ್. ಗಂಟೆಗೆ ಒಂದು ಲೀಟರ್ ಸೋರಿದರೆ ರಾತ್ರಿ ಎಂಟು ಗಂಟೆಯಲ್ಲಿ 8 ಲೀಟರ್ ಹೋಯಿತು. ರಾಡಿನ ಮೇಲೆ ಅದು ಕಾಣುವುದೇ ಇಲ್ಲ! ತಿಂಗಳಿಗೆ ಲೆಕ್ಕ ಹಾಕಿದರೆ 720 ಲೀಟರ್.

ಅದಕ್ಕೇ ಆರು ತಿಂಗಳು, ಸಾಧ್ಯವಾದರೆ ಒಂದು ವರ್ಷದ ಪುಸ್ತಕ ಕೇಳಿ, ಹೆಚ್ಚು-ಕಡಿಮೆ ಕೂಡಿಸುತ್ತಾ ಹೋಗಿ. ಸರಿಯಾದ ಬಂಕಿನಲ್ಲಿ ಒಂದು ದಿನ ಕಡಿಮೆ, ಇನ್ನೊಂದು ದಿನ ಜಾಸ್ತಿ ಬಂದು ಸರಿಸುಮಾರು ಹೊಂದಿಕೊಳ್ಳುತ್ತದೆ. ಸೋರುವ ಬಂಕಿನಲ್ಲಿ ಒಂದೇ ಕಡೆಗೆ ಜಾರುತ್ತದೆ.

ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಿರಿ. ಒಂದು ಡಿಗ್ರಿ ತಣ್ಣಗಾದರೆ ಪೆಟ್ರೋಲ್ ಸಾವಿರಕ್ಕೆ ಸುಮಾರು ಒಂದು ಪಾಲು ಕುಗ್ಗುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ 42 ಡಿಗ್ರಿಯಲ್ಲಿ ಬಂದ 12 ಸಾವಿರ ಲೀಟರಿನ ಲೋಡು ನೆಲದೊಳಗೆ 32ಕ್ಕೆ ಇಳಿದರೆ ನೂರು-ನೂರಿಪ್ಪತ್ತು ಲೀಟರ್ ಕಾಣೆಯಾದಂತೆ ಕಾಣುತ್ತದೆ. ಅದು ಸೋರಿಕೆ ಅಲ್ಲ. ಹಾಗಂತ ಎಲ್ಲ ಕೊರತೆಯನ್ನೂ ಬಿಸಿಲಿನ ತಲೆಗೆ ಕಟ್ಟುವ ಮ್ಯಾನೇಜರುಗಳೂ ಇದ್ದಾರೆ. ಡಿಸೆಂಬರಿನ ಪುಟ ತೆಗೆಸಿದರೆ ಗೊತ್ತಾಗುತ್ತದೆ.

ಟ್ಯಾಂಕಾ, ಪೈಪಾ? ಎಲ್ಲರೂ ಟ್ಯಾಂಕ್ ಸೋರುತ್ತಿದೆ ಅನ್ನುತ್ತಾರೆ. ನಾನು ಮೊದಲು ಅನುಮಾನಿಸುವುದು ಪೈಪನ್ನು, ಅದರ ಜಾಯಿಂಟುಗಳನ್ನು, ಲೋಡ್ ಇಳಿಸುವ ಬಾಯಿಯನ್ನು. ಮಾರಾಟ ಇಲ್ಲದ ರಾತ್ರಿಯಲ್ಲೂ ಮಟ್ಟ ಇಳಿದರೆ ಟ್ಯಾಂಕು. ಮಾರಾಟ ಜೋರಾದ ದಿನ ಮಾತ್ರ ಕೊರತೆ ಹೆಚ್ಚಿದರೆ ಪೈಪ್‌ಲೈನು, ಇಲ್ಲಾ ಅಳತೆ ತಪ್ಪಿದ ಮೆಷಿನ್ನು. ಡಿಪ್ ರಾಡಿನ ತುದಿಗೆ ನೀರು ತಗುಲಿದರೆ ಬಣ್ಣ ಬದಲಾಗುವ ಪೇಸ್ಟ್ ಹಚ್ಚುತ್ತಾರಲ್ಲ, ಆ ನೀರಿನ ಲೆಕ್ಕವನ್ನೂ ನೋಡಿ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ಇಲ್ಲಿ ನೆಲದ ನೀರು ಮೇಲೇರುತ್ತದೆ. ಆಗ ಟ್ಯಾಂಕಿನೊಳಗೂ ನೀರು ಏರಿದರೆ ಎಲ್ಲೋ ತೂತಿದೆ ಎಂದೇ ಅನುಮಾನಿಸಿ. ಈಗ ಪೆಟ್ರೋಲಿಗೆ ಎಥೆನಾಲ್ ಬೆರೆಸುವುದರಿಂದ ಸ್ವಲ್ಪ ನೀರು ಅದರಲ್ಲೇ ಕರಗಿ ಅಡಗಿಕೊಳ್ಳಬಹುದು. ಎಥೆನಾಲ್ ಪೆಟ್ರೋಲಿಗೆ ಹೊಂದುವ ಪೇಸ್ಟೇ ಬೇಕು.

ಇಷ್ಟಾದ ಮೇಲೆ ಟ್ಯಾಂಕು, ಪೈಪು ಎರಡಕ್ಕೂ ಬೇರೆ ಬೇರೆಯಾಗಿ ಸೋರಿಕೆ ಪರೀಕ್ಷೆ ಮಾಡಿಸಿ. ಇದು ಪರವಾನಗಿ, ತರಬೇತಿ ಇರುವವರ ಕೆಲಸ. ಗ್ಯಾಸ್ ಪೂರ್ತಿ ತೆಗೆದ ಪ್ರಮಾಣಪತ್ರ ಇಲ್ಲದೆ ಟ್ಯಾಂಕಿಗೆ ವೆಲ್ಡಿಂಗ್ ಮುಟ್ಟಿಸಬಾರದು, ಒಳಗೂ ಇಳಿಯಬಾರದು.

ಪುಸ್ತಕದಲ್ಲಿ ಇಲ್ಲದ್ದನ್ನು ಹಳಬರು ಹೇಳುತ್ತಾರೆ. ಇಲ್ಲಿ ಮುಂಚೆ ಇನ್ನೊಂದು ಟ್ಯಾಂಕ್ ಇತ್ತಾ? ಯಾವಾಗ ಕಿತ್ತರು? ಕಿತ್ತರೋ, ಮಣ್ಣು ಮುಚ್ಚಿ ಬಿಟ್ಟರೋ? ಸೀಸದ ಪೆಟ್ರೋಲ್ ದೇಶದಲ್ಲಿ ನಿಂತದ್ದು 2000ದಲ್ಲಿ. ಮಣ್ಣಿಗೆ ಇಳಿದ ಎಣ್ಣೆಯಲ್ಲಿ ಸೀಸ ಸಿಕ್ಕರೆ ಅದು ಹಳೆ ಸೋರಿಕೆ, ಈಗಿನ ಮಾಲೀಕನ ಕಾಲದ್ದು ಆಗಿರಲಿಕ್ಕಿಲ್ಲ. ಜಗಳ ಬಂದಾಗ ಇಂಥ ಸಣ್ಣ ವಿಷಯ ದೊಡ್ಡದಾಗುತ್ತದೆ.

ಎರೆ ಭೂಮಿಯ ತೊಟ್ಟಿ

ಈಗ ನಡೆಯಿರಿ. ಇನ್ನೂರು-ಮುನ್ನೂರು ಮೀಟರ್ ಸುತ್ತ ಇರುವ ಬಾವಿ, ಬೋರು, ಕೈಪಂಪು, ಚರಂಡಿ, ಕಾಲುವೆ, ಹಳ್ಳ ಎಲ್ಲವನ್ನೂ ಒಂದು ಹಾಳೆಯಲ್ಲಿ ಗುರುತು ಮಾಡಿ. ಪ್ರತಿ ಬೋರಿನ ಆಳ, ಕೇಸಿಂಗ್ ಎಷ್ಟು ಅಡಿ, ನೀರು ಯಾವುದಕ್ಕೆ ಬಳಸುತ್ತಾರೆ ಅಂತ ಕೇಳಿ ಬರೆಯಿರಿ. ಕೇಬಲ್, ನೀರಿನ ಪೈಪು, ಒಳಚರಂಡಿ ಹಾಕಲು ಅಗೆದ ಸಾಲುಗಳನ್ನಂತೂ ಬಿಡಬೇಡಿ.

ಈ ಸಾಲುಗಳೇ ನಮ್ಮ ಕಡೆ ಮುಖ್ಯ. ಸಿಂಧನೂರು, ಮಾನ್ವಿ ಭಾಗದ ಎರೆ ಮಣ್ಣು ಒದ್ದೆಯಾದಾಗ ಉಬ್ಬಿ ಅಂಟಿನಂತೆ ಮುಚ್ಚಿಕೊಳ್ಳುತ್ತದೆ, ನೀರನ್ನೇ ಬಿಡುವುದಿಲ್ಲ. ಆ ಮಣ್ಣಲ್ಲಿ ಗುಂಡಿ ತೋಡಿ, ಟ್ಯಾಂಕ್ ಇಳಿಸಿ, ಸುತ್ತ ಮರಳು ತುಂಬುತ್ತಾರೆ. ಅಲ್ಲಿಗೆ ಏನಾಯ್ತು? ಜೇಡಿಯ ನಡುವೆ ಮರಳಿನ ಒಂದು ತೊಟ್ಟಿ ಆಯ್ತು. ಸೋರಿದ್ದು ಆ ತೊಟ್ಟಿಯಲ್ಲಿ ತುಂಬುತ್ತದೆ. ತುಂಬಿ ಹೊರಗೆ ಹೋಗುವುದಕ್ಕೆ ಅದಕ್ಕೆ ಬೇಕಾದ್ದು ಒಂದು ತೂಬು. ಆ ತೂಬೇ ಪೈಪಿನ ಸಾಲು, ಯಾಕೆಂದರೆ ಅದಕ್ಕೂ ಅಡಿಗೆ ಮರಳು ಹಾಸಿರುತ್ತಾರೆ. ಬೇಸಿಗೆಯಲ್ಲಾದರೆ ಎರೆ ನೆಲ ಕೈ ಇಳಿಸುವಷ್ಟು ಬಿರಿಯುತ್ತದೆ, ಆ ಬಿರುಕಿನಲ್ಲೂ ಎಣ್ಣೆ ಕೆಳಕ್ಕೆ ಇಳಿಯುತ್ತದೆ. ಎರೆ ಮುಗಿದ ಮೇಲೆ ಗರಸು. ಅದರ ಕೆಳಗೆ ಕೊಳೆತ ಕಲ್ಲು, ಆಮೇಲೆ ಗಟ್ಟಿ ಗ್ರಾನೈಟು. ಗರಸಿನಲ್ಲಿ ಎಣ್ಣೆ ಸಲೀಸಾಗಿ ಓಡಾಡುತ್ತದೆ. ಗಟ್ಟಿ ಕಲ್ಲಿನಲ್ಲಿ ಸಂದಿ ಎಲ್ಲಿಗೆ ಹೋದರೆ ಅಲ್ಲಿಗೆ, ನಮ್ಮ ನಕ್ಷೆಯನ್ನು ಕೇಳಿಕೊಂಡು ಅಲ್ಲ.

ಹೋಟೆಲಿನ ಅವ್ವನ ಬಾವಿ ಬಂಕಿನಿಂದ ಇಳಿಜಾರಿನ ಕಡೆಗಿರಲಿಲ್ಲ. ಇಳಿಜಾರು ಇದ್ದದ್ದು ಹೊಲದ ಕಡೆಗೆ. ಬಾವಿ ಇದ್ದದ್ದು ರಸ್ತೆಯಡಿ ದಾಟಿದ ಹಳೇ ನೀರಿನ ಪೈಪಿನ ಸಾಲಿಗೆ.

ಗುಂಡಿ ತೆಗೆಯುವುದು

ಬೋರ್‌ವೆಲ್ ಲಾರಿ ಕರೆಸಿ ಸುಮ್ನೆ ಕೊರೆಸಬೇಡಿ. ನಮ್ಮಲ್ಲಿ ಓಡಾಡುವ ಲಾರಿಗಳು ಕಂಪ್ರೆಸರ್ ಗಾಳಿಯಿಂದ ಪುಡಿಯನ್ನು ಮೇಲಕ್ಕೆ ಊದುತ್ತವೆ. ಪೆಟ್ರೋಲಿನಲ್ಲಿ ನಾವು ಹುಡುಕುವ ವಸ್ತುಗಳು ಗಾಳಿಗೆ ಹಾರಿಹೋಗುವಂಥವು. ಮಣ್ಣು ಮೇಲೆ ಬರುವಷ್ಟರಲ್ಲಿ ಹಾರಿರುತ್ತವೆ, ಜೊತೆಗೆ ಆವಿಯನ್ನು ಪಕ್ಕದ ಮನೆಯಡಿಗೆ ತಳ್ಳಿದಂತೆಯೂ ಆಗುತ್ತದೆ. ಎರೆ, ಗರಸು ಇರುವಷ್ಟು ಆಳಕ್ಕೆ ತಿರುಪಿ ತೆಗೆಯುವ ಆಗರ್ ಸಾಕು. ಮೊದಲ ಒಂದೂವರೆ ಮೀಟರ್ ಕೈಯಿಂದಲೇ ತೆಗೆಯಿರಿ, ಅಲ್ಲಿಯೇ ಕೇಬಲ್ಲು, ಪೈಪು ಇರುವುದು. ಕಲ್ಲಿಗೆ ಇಳಿಯಲೇಬೇಕಾದರೆ ಲಾರಿ ಬೇಕು. ಆಗ ಮೇಲಿನ ಕೆಟ್ಟ ಪದರವನ್ನು ಕೇಸಿಂಗ್ ಹಾಕಿ, ಬೆಂಟೊನೈಟ್ ಜೇಡಿ ತುಂಬಿ ಮುಚ್ಚಿದ ಮೇಲೆಯೇ ಕೆಳಗೆ ಕೊರೆಯಬೇಕು. ಇಲ್ಲದಿದ್ದರೆ ಹುಡುಕಲು ಬಂದವರೇ ಎಣ್ಣೆಗೆ ಕೆಳಗಿಳಿಯುವ ದಾರಿ ಮಾಡಿಕೊಟ್ಟಂತೆ.

ಮೊದಲ ಗುಂಡಿ ಪೈಪಿನ ಸಾಲಿನ ಪಕ್ಕ. ಎರಡನೆಯದು ಟ್ಯಾಂಕಿನ ಇಳಿಜಾರಿನ ಕಡೆ. ಒಂದು ಕೆಟ್ಟ ಬಾವಿಯ ದಾರಿಯಲ್ಲಿ. ಇನ್ನೊಂದು ಬಂಕಿನ ಮೇಲ್ಭಾಗದಲ್ಲಿ, ಹೋಲಿಸಿ ನೋಡಲಿಕ್ಕೆ. ಅರ್ಧ ಮೀಟರಿಗೊಮ್ಮೆ ಮಣ್ಣು ತೆಗೆದು, ಬಣ್ಣ, ಹಸಿ, ಆಳ ಬರೆಯಿರಿ. ಎಣ್ಣೆ ಕುಡಿದ ಎರೆ ಮಣ್ಣು ಕೆಲವು ಕಡೆ ಹಸಿರು ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಮೂಗು ಹಚ್ಚಿ ನೋಡಬೇಡಿ, ಬೆಂಜೀನ್ ಕ್ಯಾನ್ಸರ್ ತರುವ ವಸ್ತು. ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಅರ್ಧ ಮಣ್ಣು ಹಾಕಿ, ಮುಚ್ಚಿ, ಪುಡಿ ಮಾಡಿ, ಹತ್ತು-ಹದಿನೈದು ನಿಮಿಷ ಬಿಡಿ. ಆಮೇಲೆ ಆವಿ ಅಳೆಯುವ ಪಿಐಡಿ ಮೀಟರಿನ ತುದಿ ಚುಚ್ಚಿ ಓದಿ. ಈ ಓದು ಅಂತಿಮವಲ್ಲ, ಯಾವ ಆಳದ ಮಣ್ಣನ್ನು ಲ್ಯಾಬಿಗೆ ಕಳಿಸಬೇಕು ಅಂತ ಹೇಳುತ್ತದೆ ಅಷ್ಟೇ. ಚೀಲದ ಮಣ್ಣನ್ನೇ ಲ್ಯಾಬಿಗೆ ಕಳಿಸಬಾರದು. ಅದೇ ಆಳದ, ಮುಟ್ಟದ ಮಣ್ಣನ್ನು ಗಾಜಿನ ಜಾರಿಗೆ ಬಾಯಿವರೆಗೆ ಒತ್ತಿ ತುಂಬಿ ಕಳಿಸಿ.

ನೀರಿನ ಮಟ್ಟ ನೋಡುವ ಬಾವಿ

ಮೂರು ಗುಂಡಿಗಳಿಗಾದರೂ ಪೈಪ್ ಇಳಿಸಿ ನೋಡುವ ಬಾವಿ ಮಾಡಿ. ಸೀಳು ಇರುವ ಪೈಪು ನೀರಿನ ಮಟ್ಟದ ಮೇಲೂ ಕೆಳಗೂ ಚಾಚಿರಬೇಕು, ಬೇಸಿಗೆ-ಮಳೆಗಾಲ ಎರಡರಲ್ಲೂ. ಸೀಳು ನೀರಿನೊಳಗೇ ಮುಳುಗಿದ್ದರೆ ತೇಲುವ ಎಣ್ಣೆ ಬಾವಿಯೊಳಗೆ ಬರುವುದೇ ಇಲ್ಲ. ಬಂಕಿನ ಬೋರಿನಲ್ಲಿ ಆದದ್ದೂ ಇದೇ ಅಲ್ವಾ? ಬಾಯಿಗೆ ಮುಚ್ಚಳ, ಬೀಗ ಇರಲಿ. ಬಾಯಿ ತೆರೆದ ಕೊಳವೆ ಬಾವಿ ಬಿಡುವ ಮಾತೇ ಬೇಡ.

ನೀರು ಯಾವ ಕಡೆ ಹರಿಯುತ್ತದೆ ಅಂತ ತಿಳಿಯಲು ಮೂರು ಬಾವಿಗಳ ನೀರಿನ ಮಟ್ಟ ಬೇಕು, ಅದೂ ಒಂದೇ ಎತ್ತರದಿಂದ ಅಳೆದದ್ದು. ಸರ್ವೆ ಯಂತ್ರ ಇಲ್ಲದಿದ್ದರೆ ಗೌಂಡಿಗಳು ಹಿಡಿಯುವ ನೀರು ತುಂಬಿದ ಟ್ಯೂಬ್ ಲೆವೆಲ್ ಸಾಕು. ನಾನು ಎಷ್ಟೋ ಸಲ ಅದರಲ್ಲೇ ಕೆಲಸ ಮುಗಿಸಿದ್ದೇನೆ. ಬಾವಿಯಲ್ಲಿ ಎಣ್ಣೆ ಇದ್ದರೆ ಒಂದು ತಿದ್ದುಪಡಿ ಬೇಕು. ಎಣ್ಣೆಯ ಮೇಲ್ಮೈ 3.20 ಮೀಟರ್ ಆಳದಲ್ಲಿ, ನೀರು 3.40ರಲ್ಲಿ ಸಿಕ್ಕಿತು ಅನ್ನಿ. ನಡುವಿನ 20 ಸೆಂ.ಮೀ. ಎಣ್ಣೆ ನೀರನ್ನು ಒತ್ತಿ ಕೆಳಗಿಳಿಸಿದೆ. ಅದರ ಮುಕ್ಕಾಲು, ಅಂದರೆ 15 ಸೆಂ.ಮೀ. ಕಳೆದರೆ ನಿಜವಾದ ಮಟ್ಟ 3.25. ಈ 20 ಸೆಂ.ಮೀ. ನೋಡಿ ನೆಲದಲ್ಲೂ ಅಷ್ಟೇ ದಪ್ಪ ಎಣ್ಣೆ ಇದೆ ಅಂದುಕೊಳ್ಳಬೇಡಿ. ಬಾವಿಯಲ್ಲಿ ಅದು ದಪ್ಪವಾಗಿಯೇ ಕಾಣುತ್ತದೆ.

ಕಾಲ ಕೂಡ ಮುಖ್ಯ. ಕಾಲುವೆ ತುಂಬಿ ನೆಲದ ನೀರು ಏರಿದಾಗ ಎಣ್ಣೆ ಮಣ್ಣಿನ ಕಣಗಳ ನಡುವೆ ಸಿಕ್ಕಿಬೀಳುತ್ತದೆ, ಬಾವಿಯಲ್ಲಿ ಕಾಣುವುದಿಲ್ಲ. ಕಾಲುವೆ ನಿಂತು ನೀರು ಇಳಿದಾಗ ಒಸರಿಕೊಂಡು ಬಾವಿಗೆ ಬರುತ್ತದೆ. ಆ ಊರಲ್ಲಿ ಸೆಪ್ಟೆಂಬರಿನಲ್ಲಿ ನೋಡಿದಾಗ ಪಾರದರ್ಶಕ ಬೈಲರಿನಲ್ಲಿ (ಬಾವಿಗೆ ಬಿಟ್ಟು ನೀರೆತ್ತುವ ಕೊಳವೆ) ಬರೀ ನೀರು. ಏಪ್ರಿಲ್ ಕೊನೆಗೆ ಅದೇ ಬಾವಿಗೆ ಅದೇ ಬೈಲರ್ ಬಿಟ್ಟೆ. ಮೇಲೆ ಎರಡು ಬೆರಳು ದಪ್ಪ, ತಿಳಿ ಹಳದಿ ಬಣ್ಣ. ಒಂದೇ ಸಲ ನೋಡಿ ತೀರ್ಪು ಕೊಡುವವರನ್ನು ನಾನು ನಂಬದಿರುವುದು ಇದಕ್ಕೇ.

ಸ್ಯಾಂಪಲ್ಲು, ಬಾಟಲಿ, ಐಸು

ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಂಡರೆ ಮೊದಲು ಒಂದು ಕಡ್ಡಿಯಿಂದ ಕಲಕಿ. ಗಾಜು ಒಡೆದಂತೆ ಚೂರುಚೂರಾದರೆ ಅದು ಕಬ್ಬಿಣದ ಬ್ಯಾಕ್ಟೀರಿಯಾ. ಸುರುಳಿ ಸುತ್ತಿ ಮತ್ತೆ ಕೂಡಿಕೊಂಡರೆ ಎಣ್ಣೆ. ಇನ್ನೊಂದು ಮೋಸ ನಮ್ಮ ಕಡೆಯದೇ: ಕಂಪ್ರೆಸರ್ ಹಾಕಿ ನೀರೆತ್ತುವ ಬೋರುಗಳು. ಕಂಪ್ರೆಸರಿನ ಎಣ್ಣೆ ಗಾಳಿಯ ಜೊತೆ ನೀರಿಗೆ ಬರುತ್ತದೆ. ಅದನ್ನು ನೋಡಿ ಬಂಕಿನ ಮೇಲೆ ಗಲಾಟೆ ಮಾಡಿದವರಿದ್ದಾರೆ.

ನೋಡುವ ಬಾವಿಯಲ್ಲಿ ನಿಂತ ನೀರನ್ನು ಮೂರು ಪಟ್ಟು ಹೊರಹಾಕಿ, ಆಮೇಲೆ ಸ್ಯಾಂಪಲ್ ತೆಗೆಯಿರಿ. ಓಡುವ ಬೋರಿನಿಂದಾದರೆ ಬಾಯಿಯ ಹತ್ತಿರದ ನಲ್ಲಿಯಿಂದ, ಸಣ್ಣ ಧಾರೆಯಲ್ಲಿ. ಸಿಂಟೆಕ್ಸ್‌ಗೆ ಬಿದ್ದ ನೀರು ಬೇಡ. ಬಾಟಲಿ 40 ಮಿಲಿಲೀಟರಿನ ಗಾಜಿನದು, ಲ್ಯಾಬಿನವರೇ ಎರಡು-ಮೂರು ಹನಿ ಆಮ್ಲ ಹಾಕಿ ಕೊಡುತ್ತಾರೆ. ಅದು ತೊಳೆದುಹೋಗದಂತೆ, ತುಳುಕದಂತೆ, ಬಾಯಿ ಉಬ್ಬುವವರೆಗೆ ತುಂಬಿ ಮುಚ್ಚಿ. ತಲೆಕೆಳಗೆ ಹಿಡಿದು ಬೆರಳಿನಿಂದ ತಟ್ಟಿ. ಒಂದು ಗುಳ್ಳೆ ಮೇಲೆ ಓಡಿದರೂ ಆ ಬಾಟಲಿ ಬಿಟ್ಟು ಹೊಸದು ತುಂಬಿ. ತಕ್ಷಣ ಐಸ್ ಡಬ್ಬಿಗೆ, 4 ಡಿಗ್ರಿಯ ಹತ್ತಿರ. ಆಮ್ಲ ಹಾಕಿದ್ದನ್ನು 14 ದಿನದೊಳಗೆ, ಹಾಕದ್ದನ್ನು 7 ದಿನದೊಳಗೆ ಪರೀಕ್ಷಿಸಬೇಕು. ಐಸ್ ಡಬ್ಬಿಯನ್ನು ಬಂಕಿನ ಜನರೇಟರ್ ಪಕ್ಕ ಇಡಬೇಡಿ, ಕೈಗೆ ಪೆಟ್ರೋಲ್ ತಾಗಿದ್ದರೆ ಕೈಗವಸು ಬದಲಿಸಿ. ಲ್ಯಾಬಿನಿಂದ ಬಂದ ಶುದ್ಧ ನೀರಿನ ಒಂದು ಬಾಟಲಿ ತೆರೆಯದೆ ಜೊತೆಗೇ ಹೋಗಿ ಬರಲಿ. ಅದರಲ್ಲೂ ಬೆಂಜೀನ್ ಸಿಕ್ಕರೆ ದಾರಿಯಲ್ಲೋ ಲ್ಯಾಬಿನಲ್ಲೋ ಏನೋ ಕೆಟ್ಟಿದೆ ಅಂತ ಅರ್ಥ.

ಲ್ಯಾಬ್ ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವುದಾಗಲಿ. ಮಾನ್ಯತೆ ಯಾವ ಪರೀಕ್ಷೆಗೆ ಅಂತಲೂ ಕೇಳಿ. ಬರೆದು ಕೊಡಬೇಕಾದ ಪಟ್ಟಿ: ಬೆಂಜೀನ್, ಟಾಲ್ವೀನ್, ಈಥೈಲ್ ಬೆಂಜೀನ್, ಕ್ಸೈಲೀನ್, ನ್ಯಾಫ್ತಲೀನ್, ಎಂಟಿಬಿಇ (ಪೆಟ್ರೋಲಿಗೆ ಬೆರೆಸುವ ಒಂದು ವಸ್ತು), ಸೀಸ, ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್ ಹಗುರ-ಭಾರ ಭಾಗ ಬೇರೆಯಾಗಿ. ಡೀಸೆಲ್ ಆದರೆ ಪಿಎಎಚ್ (ಭಾರದ ಹೈಡ್ರೋಕಾರ್ಬನ್‌ಗಳ ಒಂದು ಗುಂಪು) ಕೂಡ. ಬರೀ 'ಆಯಿಲ್ ಅಂಡ್ ಗ್ರೀಸ್' ಪರೀಕ್ಷೆಗೆ ದುಡ್ಡು ಕೊಡಬೇಡಿ. ಅದರಲ್ಲಿ ದ್ರಾವಕವನ್ನು ಆವಿ ಮಾಡಿ ಉಳಿದದ್ದನ್ನು ತೂಗುತ್ತಾರೆ. ಪೆಟ್ರೋಲ್ ಉಳಿಯುವುದೇ ಇಲ್ಲ. ಮ್ಯಾನೇಜರ್ ಡ್ರಾಯರಿನ ಹಾಳೆ ಆ ಪರೀಕ್ಷೆಯದೇ ಆಗಿತ್ತು.

ರಿಪೋರ್ಟ್ ಓದುವಾಗ

ಫ್ಲೋರೈಡ್, ನೈಟ್ರೇಟ್ ಜಾಸ್ತಿ ಬಂದರೆ ಟ್ಯಾಂಕನ್ನು ಬೈಯಬೇಡಿ. ರಾಯಚೂರು, ಕೊಪ್ಪಳದ ಕಲ್ಲಿನ ನೀರಿನಲ್ಲಿ ಫ್ಲೋರೈಡ್ ಹಿಂದಿನಿಂದ ಇದೆ, ನೈಟ್ರೇಟಿಗೆ ಗೊಬ್ಬರ, ತಿಪ್ಪೆ ಇವೆ. ಬೆಂಜೀನ್ ಹೆಚ್ಚಿದ್ದಲ್ಲಿ ಕರಗಿದ ಆಮ್ಲಜನಕ, ನೈಟ್ರೇಟ್ ಕುಸಿದು ಕಬ್ಬಿಣ ಏರಿದ್ದರೆ ಮಣ್ಣಿನ ಸೂಕ್ಷ್ಮಜೀವಿಗಳು ಎಣ್ಣೆ ತಿನ್ನುತ್ತಿವೆ. ಒಳ್ಳೆಯದೇ. ಆದರೆ ಎಥೆನಾಲ್ ಇದ್ದರೆ ಅವು ಮೊದಲು ಅದನ್ನೇ ತಿಂದು ಆಮ್ಲಜನಕ ಮುಗಿಸುತ್ತವೆ, ಬೆಂಜೀನ್ ಇನ್ನಷ್ಟು ದೂರ ಹೋಗುತ್ತದೆ. ವಾಸನೆ ಹೋಯಿತು ಅಂತ ಬಾವಿ ಶುರು ಮಾಡಬೇಡಿ. ಬೆಂಜೀನ್ ನೀರಿನಲ್ಲಿ ಮೂಗಿಗೆ ತಿಳಿಯುವ ಹೊತ್ತಿಗೆ ಮಿತಿಯ ನೂರಾರು ಪಟ್ಟು ಇರುತ್ತದೆ.

ಯಾರಿಗೆ ಬರೆಯಬೇಕು

ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿ, ಟ್ಯಾಂಕಿಗೆ ಪರವಾನಗಿ ಕೊಡುವ ಪೆಸೊ (ಕೇಂದ್ರದ ಪೆಟ್ರೋಲಿಯಂ-ಸ್ಫೋಟಕ ಸುರಕ್ಷತಾ ಸಂಸ್ಥೆ), ಜಿಲ್ಲಾಧಿಕಾರಿ, ಗ್ರಾಮ ಪಂಚಾಯ್ತಿ. ಎಲ್ಲರಿಗೂ ಒಂದೇ ಪತ್ರ, ನಕ್ಷೆ, ಫೋಟೋ, ರಿಪೋರ್ಟ್ ಲಗತ್ತಿಸಿ, ಸ್ವೀಕೃತಿ ಪಡೆಯಿರಿ. ಕಲುಷಿತ ಜಾಗಗಳ ನಿರ್ವಹಣೆಗೆ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಹೊಸ ನಿಯಮ ತಂದಿದೆ. ಶಂಕಿತ ಜಾಗಗಳನ್ನು ಗುರುತಿಸಿ ವರದಿ ಮಾಡುವ ಹೊಣೆ ಅದರಲ್ಲಿ ಜಿಲ್ಲಾಡಳಿತದ್ದು. ಪತ್ರದಲ್ಲಿ ಆ ನಿಯಮದ ಹೆಸರು ಹೇಳಿ: Environment Protection (Management of Contaminated Sites) Rules, 2025. ಹಸಿರು ನ್ಯಾಯಮಂಡಳಿಗೆ ಹೋಗುವುದಾದರೆ ನಮಗೆ ಚೆನ್ನೈ ಪೀಠ. ಪರಿಹಾರ ಕೇಳಲು ಐದು ವರ್ಷ ಇದೆ, ಬೇರೆ ತಕರಾರಿಗೆ ಆರು ತಿಂಗಳಷ್ಟೇ. ವಾಸನೆ ಮೊದಲು ಬಂದ ದಿನವನ್ನು ಅದಕ್ಕೇ ಡೈರಿಯಲ್ಲಿ ಬರೆದಿಡಿ ಅನ್ನುವುದು.

ಅವ್ವನಿಗೆ ಆ ದಿನ ನೆನಪಿತ್ತು. "ಮಗಳ ಕುಬಸದ ಹಿಂದಿನ ದಿನ" ಎಂದರು. ಅಲ್ಲಿಂದ ಲೆಕ್ಕ ಹಿಡಿದು ರಿಜಿಸ್ಟರಿನ ಪುಟ ತಿರುವಿದೆವು. ಕೊರತೆ ಒಂದೇ ಕಡೆ ಜಾರಲು ಶುರುವಾಗಿದ್ದು ಅದಕ್ಕೂ ಐದು ತಿಂಗಳ ಮೊದಲು. ಮಾರಾಟ ಹೆಚ್ಚಿದ ದಿನಗಳಲ್ಲೇ ಹೆಚ್ಚು. ಪೈಪಿನ ಸಾಲು ಅಗೆಸಿದಾಗ ಡಿಸ್ಪೆನ್ಸರ್ ಅಡಿಯ ಒಂದು ಮೊಣಕೈ ಜಾಯಿಂಟ್ ಬೆರಳಿನಿಂದ ಅಲುಗಾಡುತ್ತಿತ್ತು. ಅದನ್ನು ಬದಲಿಸಿದ್ದಾರೆ. ಸಾಲಿನ ಮರಳು ತೆಗೆದು ಸಾಗಿಸಿದ್ದಾರೆ. ಬಾವಿಗೆ ಈಗಲೂ ಹಲಗೆ ಮುಚ್ಚಿದೆ, ಹೋಟೆಲಿಗೆ ಟ್ಯಾಂಕರ್ ನೀರು ಬರುತ್ತದೆ. ಮೂರು ತಿಂಗಳಿಗೊಮ್ಮೆ ನಾನು ಬೈಲರ್ ಹಿಡಿದು ಹೋಗುತ್ತೇನೆ. ಮುಂದಿನ ಅಳತೆ ಕಾಲುವೆ ನಿಂತ ಮೇಲೆ.